ಕಷಾಯ ಕೆಟ್ಟದ್ದು ಯಾರಿಂದ

ತನ್ನದೇ ಅಡಿಗೆಮನೆಯ ಬಾಗಿಲು ತಟ್ಟಿ ಒಳಗೆ ಹೋಗಬೇಕಾಗಿ ಬಂದ ಮೇಲೆ ಎತೆಲ್ವಿನಾ ಒಳಗೆ ಹೋಗುವುದನ್ನೇ ಬಿಟ್ಟಿದ್ದಳು. ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ಹಸಿ ಸೌದೆಯನ್ನು ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡು, ಮುಸುಕಿನ ಜೋಳ ಬೇಯಲು ಇಟ್ಟಿದ್ದಳು. ಅವರ ಊರು ವಾಂಕಬಾಂಬದ ಗಾಳಿ ಬೆಟ್ಟದಿಂದ ನೇರವಾಗಿ ಅಂಗಳಕ್ಕೇ ಇಳಿಯುತ್ತದೆ. ಉರಿಯನ್ನು ಪಾತ್ರೆಯ ಒಂದೇ ಪಕ್ಕಕ್ಕೆ ಒತ್ತಿ ಹಿಡಿದಿತ್ತು. ಒಂದು ಕಡೆ ಜೋಳ ಸೀಯುತ್ತಿದ್ದರೆ ಇನ್ನೊಂದು ಕಡೆ ಕಲ್ಲಿನ ಹಾಗಿತ್ತು. ಒಳಗೆ ಅವಳ ಒಲೆಯಿತ್ತು. ತಾನೇ ಮಣ್ಣು ಕಲಸಿ ಮೆತ್ತಿ, ಹೊಗೆ ಹೋಗಲು ಕೊಳವೆ ಕೂರಿಸಿಕೊಂಡು, ಊರಿನ ನೆಲ ಜಾರಿ ಗೋಡೆ ಬಿರುಕು ಬಿಟ್ಟಾಗಲೆಲ್ಲ ಮತ್ತೆ ಮತ್ತೆ ಮೆತ್ತಿ ಉಳಿಸಿಕೊಂಡ ಒಲೆ. ಅದರ ಪಕ್ಕದ ಮೇಜಿನ ಮೇಲೆ ಈಗ ಗಾಜಿನ ಬುರುಡೆಗಳು, ಲಾಳಿಕೆಗಳು, ಮೂಗು ಸುಡುವ ಸೀಸೆಗಳು. ಅವುಗಳ ನಡುವೆ ಗಂಡ ಅಬೆಲಾರ್ದೊ, ಪ್ರೌಢಶಾಲೆಯ ರಸಾಯನಶಾಸ್ತ್ರದ ಮೇಷ್ಟ್ರು, ಶನಿವಾರದ ರಜೆಯಲ್ಲೂ ಶಾಲೆಯ ಬಿಳಿ ಕೋಟು ಹಾಕಿಕೊಂಡು, ಒಂದು ಬುರುಡೆಯನ್ನು ಬೆಳಕಿಗೆ ಹಿಡಿದು ನೋಡುತ್ತ, ಕುಲುಕುತ್ತ, ಬೈಯುತ್ತ ನಿಂತಿದ್ದ. ಒಲೆಯ ಬುಡದ ಬೆಚ್ಚಗಿನ ಮೂಲೆಯಲ್ಲಿ ಕುಯ್ ಕುಯ್ ಎಂದುಕೊಂಡು ಬೆಳೆಯುತ್ತಿದ್ದ ಕೂಯಿ ಇಲಿಗಳನ್ನು ಹಣ್ಣಿನ ಪೆಟ್ಟಿಗೆಗೆ ತುಂಬಿ ಅಂಗಳಕ್ಕೆ ತಳ್ಳಿದ್ದ. ಹಬ್ಬದ ಊಟಕ್ಕೆಂದು ಸಾಕಿದ್ದವು. ಎರಡು ಸತ್ತವು. ಚಳಿಗೆ ಸತ್ತವು ಎಂದ. ಚಳಿ ಈ ಊರಿಗೆ ನಿನ್ನೆ ಬಂತೇ ಎಂದು ಕೇಳಬೇಕೆಂದುಕೊಂಡಳು, ಕೇಳಲಿಲ್ಲ, ಕೇಳದೆ ಬಿಟ್ಟದ್ದಕ್ಕೆ ತನ್ನ ಮೇಲೆಯೇ ಉರಿದುಕೊಂಡಳು. ಆ ಸೀಸೆಗಳ ವಾಸನೆ ಈಗ ಹಾಸಿಗೆಯಲ್ಲಿದೆ, ರೊಟ್ಟಿಯಲ್ಲಿದೆ, ಅವಳ ಜಡೆಯಲ್ಲಿದೆ. ಭಾನುವಾರ ಇಗರ್ಜಿಯಲ್ಲಿ ಪಕ್ಕದ ಹೆಂಗಸು ಮೂಗಿಗೆ ಶಾಲು ಒತ್ತಿಕೊಂಡು ಆಚೆ ಸರಿದು ಕೂತಿದ್ದಳು.

ಇದೆಲ್ಲ ಶುರುವಾದದ್ದು ಒಂದು ಮಾತಿನಿಂದ. ಲಿಮಾದಿಂದ ಬಂದ ಯಾರೋ ಸಂಶೋಧಕ, ನಾಟಿ ವೈದ್ಯನಾದ ಮಾವ ದೊನ್ ಹಸಿಂತೊನ ಎದುರು ಮಂಡಿಯೂರಿ ಕೂತು, ಮಾಸ್ತ್ರೊ ಮಾಸ್ತ್ರೊ ಎಂದು ಬೆಣ್ಣೆ ಹಚ್ಚಿ, ಕುಡಿದವರಿಗೆ ಹೊಟ್ಟೆ ತೊಳೆಸಿ ಕಾಣದ್ದನ್ನು ಕಾಣಿಸುವ ಸಾನ್ ಪೆದ್ರೊ ಕಳ್ಳಿಯ ಕಷಾಯ ಒಂದು ಸೀಸೆ ತುಂಬಿಸಿಕೊಂಡು ಹೋದ. ಹೋದವನು ತಿರುಗಿ ಬರಲಿಲ್ಲ, ಅವನ ಮಾತು ಬಂತು. ಅವನ ಬಾಯಿಂದ ಇನ್ನಾರದೋ ಬಾಯಿಗೆ, ಅಲ್ಲಿಂದ ಬಸ್ ನಿಲ್ದಾಣಕ್ಕೆ, ಅಲ್ಲಿಂದ ಸಂತೆಗೆ. ಪರೀಕ್ಷೆ ಮಾಡಿದರಂತೆ, ಅದರಲ್ಲಿ ಏನೂ ಇಲ್ಲವಂತೆ, ಹೆಚ್ಚುಕಡಿಮೆ ನೀರಂತೆ. ಗಡಿಯಾಚೆಯಿಂದ, ಕರಾವಳಿಯಿಂದ, ಕತ್ತಿ ಶಂಖ ಅತ್ತರಿನ ಸೀಸೆ ಹರಡಿದ ಅವನ ಮೇಸಾ ಎಂಬ ಪೂಜೆಯ ಹಾಸಿನ ಮುಂದೆ ಒಂದು ರಾತ್ರಿ ಕೂರಲು ದಿನಗಟ್ಟಲೆ ಪ್ರಯಾಣ ಮಾಡಿ ಬರುತ್ತಿದ್ದ ಜನ ಈಗ ಇದೇ ಬಾಗಿಲ ಮುಂದೆ ಹಾದು ಮೇಲಿನ ಕೇರಿಯ ಬೇರೊಬ್ಬ ಮಾಸ್ತ್ರೊನ ಮನೆಗೆ ಹೋಗುತ್ತಾರೆ. ಸಂತೆಯಲ್ಲಿ ಗಿಣ್ಣು ಮಾರುವವಳು, ಎತೆಲ್ವಿನಾ ಎರಡನೆಯ ಸಲ ತೂಕ ಮಾಡೆಂದಾಗ, "ನೀರಿನ ಮಾಸ್ತ್ರೊನ ಸೊಸೆಗೆ ತೂಕದ ಮೇಲೆ ಅನುಮಾನ ನೋಡಿ" ಎಂದು ನಕ್ಕಿದ್ದಳು. ಸುತ್ತ ಇದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಮನೆಗೆ ಬಂದ ಮೇಲೆ, ನಾನು ಯಾಕೆ ನಕ್ಕೆ ಎಂದು ಆ ಗಿಣ್ಣನ್ನು ಬೇಕಾದದ್ದಕ್ಕಿಂತ ಗಟ್ಟಿಯಾಗಿ ಹಿಸುಕಿ ಪುಡಿ ಮಾಡಿದಳು.

ಆಗ ಎದ್ದು ನಿಂತದ್ದು ಅಬೆಲಾರ್ದೊನ ಪಿತೃಭಕ್ತಿ. ಅಪ್ಪ ಮೇಸಾದ ಮುಂದೆ ಆಡಿಸುವ ಗಿಲಕಿಯ ಸದ್ದು ಕೇಳಿದರೆ ಗೆಳೆಯರೆದುರು ನಾಚಿ ಸಾಯುತ್ತಿದ್ದವನು, ಪಿಯೂರಾ ಪಟ್ಟಣಕ್ಕೆ ಓದಲು ಹೋದಾಗ ಕೇಳಿದವರಿಗೆ ಅಪ್ಪ ಕುರಿ ಸಾಕುತ್ತಾನೆಂದು ಹೇಳಿದವನು, ಈಗ ಮುದುಕನ ಹಾಸಿಗೆಯ ಪಕ್ಕ ನಿಂತು, "ಅಪ್ಪಾ, ನಿಮ್ಮ ಕಳ್ಳಿಯ ಸತ್ವಾನ ಬಿಳಿ ಹರಳು ಮಾಡಿ ಗಾಜಿನ ತಟ್ಟೇಲಿ ಇಟ್ಟು ತೋರಿಸ್ತೀನಿ. ಆ ಲಿಮಾದವನ ಮುಖದ ಮೇಲೆ ಎಸೀತೀನಿ" ಎಂದ. ಮುದುಕ ಮೊದಲು ಸಿಡಿದೆದ್ದಿದ್ದ. ಅದರ ಉಸಿರು ತೆಗೆದು ತಟ್ಟೆಯಲ್ಲಿ ಇಡುತ್ತೀಯೇನೋ ಎಂದು ಕೇಳಿದ್ದ. ಆದರೆ ಒಂದು ಪಕ್ಕ ಬಿದ್ದುಹೋದ ದೇಹ, ಕಿಟಕಿಯ ಪಕ್ಕದ ಮಂಚ, ಬಾಗಿಲ ಮುಂದೆ ಹಾದು ಹೋಗುವ ರೋಗಿಗಳ ಹೆಜ್ಜೆ ಸದ್ದು. ಸಿಟ್ಟು ಎಷ್ಟು ದಿನ ತಡೆದೀತು? ಈಗ ಬೆಳಗಾದರೆ ಕಾಯುತ್ತಾನೆ. ಯಾರೇ ಒಳಗೆ ಬಂದರೂ ಬಾಯಿಯ ಸರಿಯಿರುವ ಪಕ್ಕದಿಂದ ಕೇಳುವುದು ಒಂದೇ: ಬಂತಾ?

ಬರಲಿಲ್ಲ. ನಾಲ್ಕು ಸಲ ಮಾಡಿದ, ನಾಲ್ಕು ಸಲವೂ ಬಿಳಿ ಹರಳಿನ ಬದಲು ತಟ್ಟೆಯ ತಳಕ್ಕೆ ಅಂಟಿದ್ದು ಬೆಲ್ಲದ ಕರಕಲಿನಂಥ ಕಂದು ಗೋಂದು. ಬುರುಡೆಯೊಳಗೆ ಎರಡು ಪದರವಾಗಿ ನಿಲ್ಲಬೇಕಾದದ್ದು ಕಲಸಿದ ಹಿಟ್ಟಿನ ನೊರೆಯ ಹಾಗೆ ನಿಂತುಬಿಡುತ್ತಿತ್ತು. ಅವನು ಅದನ್ನು ದಿಟ್ಟಿಸಿ ಕೂರುತ್ತಿದ್ದ, ಪರೀಕ್ಷೆಯಲ್ಲಿ ಉತ್ತರ ಬರೆಯದೆ ಕೂತ ಹುಡುಗನನ್ನು ದಿಟ್ಟಿಸುವ ಹಾಗೆ. ಆಮೇಲೆ ತಪ್ಪು ಹುಡುಕುವ ಕೆಲಸ. ಮೊದಲ ಸಲ ತಪ್ಪು ಪಾತ್ರೆಯದು, ಅವಳ ಅಲ್ಯುಮಿನಿಯಂ ಪಾತ್ರೆ, ಅವಳ ತಾಯಿ ಕೊಟ್ಟದ್ದು. ಎರಡನೆಯ ಸಲ ನೀರಿನದು. ಮೂರನೆಯ ಸಲ ಸೋಸುವ ಬಟ್ಟೆಯದು, ಅದಕ್ಕೆ ಅವಳು ಹಚ್ಚಿದ ಸಾಬೂನಿನದು. ಊರು ಇಷ್ಟು ಎತ್ತರದಲ್ಲಿರುವುದೂ ಒಂದು ದಿನ ತಪ್ಪಾಯಿತು. ಹೊಸ ಸೀಸೆ ತರಲು ಅವಳನ್ನೇ ಔಷಧಿ ಅಂಗಡಿಗೆ ಕಳಿಸಿದ. ಮೇಷ್ಟ್ರು ಹೋದರೆ ಜನ ಮಾತಾಡುತ್ತಾರಂತೆ, ಹೆಂಡತಿ ಹೋದರೆ ಮಾತಾಡುವುದಿಲ್ಲವಂತೆ. ಅಂಗಡಿಯವನು, "ಇಷ್ಟೊಂದು ಯಾಕಮ್ಮ, ಮೇಷ್ಟ್ರು ರಾಕೆಟ್ ಹಾರಿಸ್ತಾರಾ?" ಎಂದ. ಅಡಿಗೆಮನೆಯಲ್ಲಿ ಗುಮಾನಿಗೆ ಸಿಗದೆ ಉಳಿದದ್ದು ಒಂದು ಚಮಚವೂ ಇರಲಿಲ್ಲ. ಅವನು ಮುಟ್ಟದೆ ಬಿಟ್ಟದ್ದು ಎರಡನ್ನು ಮಾತ್ರ: ತನ್ನ ಕೈಯನ್ನು, ಮತ್ತು ಆ ಕಳ್ಳಿಯನ್ನು. ನಾಲ್ಕು ಸಲವೂ ಕಡಿದದ್ದು ಬಾಗಿಲ ಪಕ್ಕದ ಅದೇ ಕಳ್ಳಿಯಿಂದ. ಸೂರಿಗಿಂತ ಎತ್ತರ ಬೆಳೆದು ಮನೆ ಕಾಯುವ, ಕಳ್ಳ ಬಂದರೆ ಸಿಳ್ಳೆ ಹಾಕುತ್ತದೆಂದು ಊರೆಲ್ಲ ನಂಬುವ, ವರ್ಷದ ಮೊದಲ ದಿನ ಮುದುಕ ನಿಂಬೆರಸ ಅತ್ತರು ಚಿಮುಕಿಸುತ್ತಿದ್ದ ಕಾವಲಿನ ಕಳ್ಳಿ. ಲಿಮಾದವನು ಒಯ್ದ ಕಷಾಯವೂ ಅದರದ್ದೇ, ಮುದುಕನ ಕಾಲು ಬೆಟ್ಟ ಹತ್ತದಾದ ಮೇಲೆ ಮಾಡಿಸಿದ್ದು. ಬೆಟ್ಟದಿಂದ ಬೇರೆ ತಂದು ನೋಡಬಹುದಿತ್ತು. ಬೇರೆಯದರಲ್ಲಿ ಸತ್ವ ಬಂದುಬಿಟ್ಟರೆ ಇದರಲ್ಲಿ ಇಲ್ಲವೆಂದಾಗುತ್ತದಲ್ಲ. ಮೇಲಾಗಿ ಕಳ್ಳಿಯ ಹೊರೆ ಬೆನ್ನಿಗೆ ಕಟ್ಟಿಕೊಂಡು ಇಳಿಯುವ ಮೇಷ್ಟ್ರನ್ನು ಶಾಲೆಯ ಮಕ್ಕಳು ನೋಡಿಬಿಟ್ಟರೆ?

ನಿನ್ನೆಯಿಂದ ಮುದುಕ ಊಟ ಬಿಟ್ಟಿದ್ದ. ನಾಲ್ಕನೆಯ ಸಲದ ಗೋಂದನ್ನು ಅಬೆಲಾರ್ದೊ ಮುಚ್ಚಿಡಲು ನೋಡಿದ, ಮುದುಕ ವಾಸನೆಯಿಂದಲೇ ಹಿಡಿದ. ಹಾಗಾದರೆ ನನ್ನದು ನೀರೇ ಎಂದ. ಗೋಡೆಯ ಕಡೆ ತಿರುಗಿದ. ಬೆಳಗ್ಗೆ ಅವಳು ಕಾಫಿ ಹಿಡಿದು ನಿಂತರೆ ಹಲ್ಲು ಕಚ್ಚಿಕೊಂಡ. ಕಾಫಿ ಗದ್ದದ ಮೇಲೆ ಇಳಿದು ಕುತ್ತಿಗೆಯ ಸುಕ್ಕಿನಲ್ಲಿ ನಿಂತಿತು. ಒರೆಸಿದಳು. ಅವಳಿಗೆ ಕರುಳು ಚುರುಕ್ಕೆಂದದ್ದು ನಿಜ. ಅದು ನಿಜವೆಂಬುದೇ ಅವಳ ಸಿಟ್ಟಿಗೆ ಇನ್ನೊಂದು ಸೌದೆ.

ಬಾಗಿಲು ತೆರೆದು ಅಬೆಲಾರ್ದೊ ಹೊರಗೆ ಬಂದ. ಕೋಟಿನ ತೋಳಿಗೆ ಕಂದು ಕಲೆ. ಅವಳು ತಿರುಗಿ ನೋಡಲಿಲ್ಲ. ಅವನು ಬಂದು ಎದುರಿಗೆ, ನೀರಿನ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತ. ಅವನು ಹಾಗೆ ಕೂತದ್ದು ಎಷ್ಟು ವರ್ಷದ ಮೇಲೋ. ಮದುವೆಯ ಹೊಸದರಲ್ಲಿ ಹೀಗೇ ಕೂತು, ಅವಳು ಜೋಳ ಬಿಡಿಸುವಾಗ ಕಾಳು ಕದಿಯುತ್ತಿದ್ದ.

"ಎತೆಲ್ವಿನಾ, ಒಂದು ಮಾತು ಕೇಳ್ತೀನಿ. ಸಿಟ್ಟಾಗಬಾರದು."

"ಕೇಳಿ."

"ಮೊನ್ನೆ ನಾನು ಶಾಲೆಗೆ ಹೋದಾಗ, ಬುರುಡೆ ಮೇಜಿನ ಮೇಲೇ ಇತ್ತಲ್ಲ, ಆಗ ನೀನು ಒಳಗೆ ಬಂದಿದ್ದೆಯಾ?"

"ನಾನು ಯಾಕೆ ಬರಲಿ? ಉಪ್ಪು ಕೂಡ ರೋಸೌರಾ ಮನೆಯಿಂದ ಕೇಳಿ ತಂದ್ಕೊಂಡೆ."

"ಅಲ್ಲ, ಬಂದಿದ್ರೆ ತಪ್ಪು ಅಂತ ಅಲ್ಲ. ಬಂದಿದ್ರೆ... ಆ ದಿನಗಳೇನಾದ್ರೂ..."

ಸೌಟು ನಿಂತಿತು. ಒಂದು ಕ್ಷಣ ಅವಳಿಗೆ ಯಾವ ದಿನಗಳೆಂದು ಹೊಳೆಯಲೇ ಇಲ್ಲ. ಯಾವ ಹಬ್ಬ, ಯಾರ ತಿಥಿ ಎಂದು ಮನಸ್ಸು ತಡಕಾಡಿತು. ಆಮೇಲೆ ಹೊಳೆದಾಗ ಕಿವಿಯೊಳಗೆ ರಕ್ತ ನುಗ್ಗಿದ್ದು ಅವಳಿಗೇ ಕೇಳಿಸಿತು. ಪಾತ್ರೆ ಮುಗಿಯಿತು, ನೀರು ಮುಗಿಯಿತು, ಬಟ್ಟೆ ಸಾಬೂನು ಮುಗಿಯಿತು, ಈಗ ಹೆಂಡತಿಯ ಸರದಿ. ಮತ್ತು ಕೇಳುತ್ತಿರುವವನು ಯಾರು? ಮದುವೆಗೆ ಮೊದಲು ನದಿಯ ದಂಡೆಯಲ್ಲಿ ಕೈ ಹಿಡಿದುಕೊಂಡು, ನಮ್ಮ ಮನೆಯ ಆ ಮುಟ್ಟು ಮೈಲಿಗೆಯ ಕಂದಾಚಾರ ನನ್ನ ಕಾಲಕ್ಕೆ ಮುಗಿಯಿತು, ರಕ್ತ ಅಂದರೆ ನೀರು, ಉಪ್ಪು, ಕಬ್ಬಿಣ, ಅಷ್ಟೇ ಎಂದವನು. ಆ ಮಾತಿಗೇ ಅಲ್ಲವೆ ಅವಳು ಒಲಿದದ್ದು. ನೀರು, ಉಪ್ಪು, ಕಬ್ಬಿಣ ಎಂದು ಎಷ್ಟು ರಾತ್ರಿ ಜಪದ ಹಾಗೆ ಹೇಳಿಕೊಂಡಿದ್ದಾಳೆ, ಆ ಬೆಳಗಿನ ನಂತರ. ಆ ಬೆಳಗು. ಇದೇ ಅಂಗಳ. ಮೇಸಾದ ಸುತ್ತ ರಾತ್ರಿಯೆಲ್ಲ ಕೂತು ಎದ್ದ ರೋಗಿಗಳು ಕಂಬಳಿ ಹೊದ್ದು ಸಾಲಾಗಿ ನಿಂತಿದ್ದರು, ಯಾರಿಗೂ ಏನೂ ಕಂಡಿರಲಿಲ್ಲ, ಯಾರ ಹೊಟ್ಟೆಯೂ ತೊಳೆಸಿರಲಿಲ್ಲ, ಕಷಾಯ ಕುಡಿದವರು ಸಾರು ಕುಡಿದವರ ಹಾಗೆ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಅವರಲ್ಲಿ ಸೆಚೂರಾದ ಮೀನುಗಾರನ ಹೆಂಡತಿ ಗ್ರಿಸೆಲ್ದಾ, ಒಣಗಿದ ಕಡ್ಡಿಯ ಹಾಗಿದ್ದವಳು, ಎರಡು ದಿನ ಬಸ್ಸಿನಲ್ಲಿ ಕೂತು ಬಂದವಳು, "ಮಾಸ್ತ್ರೊ, ನನಗೆ ಏನೂ ಆಗಲಿಲ್ಲವಲ್ಲ" ಎಂದಿದ್ದಳು, ದೂರಿನ ದನಿಯಲ್ಲೂ ಅಲ್ಲ, ತನ್ನದೇ ತಪ್ಪೇನೋ ಎಂಬ ದನಿಯಲ್ಲಿ. ಆಗ ದೊನ್ ಹಸಿಂತೊ ತಿರುಗಿದ. ಎತ್ತರದ, ಕಪ್ಪು ಪೋಂಚೊ ಹೊದ್ದ, ಎಲ್ಲರೂ ಹೆದರುವ ದೊನ್ ಹಸಿಂತೊ. ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಮದುವಣಗಿತ್ತಿಯನ್ನು ನೋಡಿದ. ಕಷಾಯ ಕುದಿಯುವಾಗ ಹತ್ತಿರ ಬಂದಿದ್ದೆಯಾ ಮಗಳೇ? ಎಷ್ಟು ಮೃದುವಾಗಿ ಕೇಳಿದ! ಅವಳು ಬಂದಿರಲಿಲ್ಲ. ಹೊರಗಾಗಿಯೂ ಇರಲಿಲ್ಲ. ಆದರೆ ಅಷ್ಟೂ ಕಣ್ಣುಗಳು ತಿರುಗಿದ್ದವು, ಹೊಸ ಗಂಡ ನೆಲ ನೋಡುತ್ತಿದ್ದ, ಇಲ್ಲವೆಂದರೆ ಮಾವ ಸುಳ್ಳುಗಾರನಾಗುತ್ತಿದ್ದ. ಅವಳು ತಲೆಯಾಡಿಸಿದಳು. ಹೌದೆಂದು.

ಗ್ರಿಸೆಲ್ದಾ ಮತ್ತೆ ಬರಲಿಲ್ಲ. ಸತ್ತಳೆಂದು ಸುದ್ದಿ ಬಂತು. ಯಾರೂ ಎತೆಲ್ವಿನಾಗೆ ಏನೂ ಅನ್ನಲಿಲ್ಲ, ಅನ್ನಬೇಕಾದ ಅಗತ್ಯ ಬೀಳಲಿಲ್ಲ. ಅಂದಿನಿಂದ ಪ್ರತಿ ನವೆಂಬರಿನಲ್ಲಿ ಸತ್ತವರ ದಿನ ತನ್ನ ತಾಯಿಯ ಮೇಣದ ಬತ್ತಿಯ ಪಕ್ಕ ಇನ್ನೊಂದು ಹಚ್ಚುತ್ತಾಳೆ, ಯಾರಿಗೆಂದು ಕೇಳಿದರೆ ಹಾದಿಯ ಅನಾಥರಿಗೆ ಎನ್ನುತ್ತಾಳೆ. ವರ್ಷಗಳು ಕಳೆದ ಹಾಗೆ ವಿಚಿತ್ರವೊಂದು ನಡೆಯಿತು: ಹೋಗಿದ್ದೆನೇನೋ ಎಂದು ಅನ್ನಿಸತೊಡಗಿತು. ಕುದಿಯುವ ಪಾತ್ರೆಯ ಬಾಯಿ, ಹಸಿರು ನೊರೆ, ತನ್ನದೇ ಲಂಗದ ಅಂಚು ಕಣ್ಣಿಗೆ ಕಟ್ಟುತ್ತಿತ್ತು. ನೋಡದೆ ಇದ್ದದ್ದು ಹೇಗೆ ಕಣ್ಣಿಗೆ ಕಟ್ಟೀತು ಎಂದು ಎದ್ದು ಕೂರುತ್ತಿದ್ದಳು. ಆಮೇಲೆ ಮನೆಯಲ್ಲಿ ಏನು ಕೆಟ್ಟರೂ, ಹಾಲು ಒಡೆದರೂ, ಕುರಿ ಕಂದು ಹಾಕಿದರೂ, ಯಾರೂ ಹೇಳುವ ಮೊದಲೇ ಅವಳ ಕೈ ಎದೆಗೆ ಹೋಗುತ್ತಿತ್ತು. ಒಂದು ಇಡೀ ಬದುಕಿಗೆ ಅಂಥ ಅಭ್ಯಾಸ ಮಾಡಿಸಿದ್ದು ಮೃದುವಾದ ಒಂದು ಪ್ರಶ್ನೆ.

"ಏನು ಕೇಳಿದ್ರಿ? ಇನ್ನೊಂದು ಸಲ ಕೇಳಿ. ಶಾಲೇಲಿ ಪಾಠ ಹೇಳೋ ಹಾಗೆ ಜೋರಾಗಿ ಕೇಳಿ."

"ಕೂಗಬೇಡ. ಅಪ್ಪನಿಗೆ ಕೇಳಿಸತ್ತೆ."

"ಕಳ್ಳಿ ಕಷಾಯಕ್ಕೆ ಹೆಂಗಸಿನ ಮುಟ್ಟು ತಗುಲಿ ಹರಳು ಕಟ್ಟಲಿಲ್ಲ. ಇದನ್ನ ಯಾವ ತರಗತಿಗೆ ಹೇಳಿಕೊಡ್ತೀರಿ ಮೇಷ್ಟ್ರೇ? ಒಂಬತ್ತಕ್ಕೋ ಹತ್ತಕ್ಕೋ?"

"ನಾನು ನಂಬ್ತೀನಿ ಅಂತ ಯಾರು ಹೇಳಿದ್ರು?" ಅವನ ಮುಖ ಕೆಂಪಾಯಿತು. ದನಿ ತಗ್ಗಿಸಿದ. "ಅಪ್ಪ ನಂಬ್ತಾರೆ. ಬೆಳಗಿಂದ ಎರಡು ಸಲ ಕೇಳಿದ್ರು, ಹೆಂಗಸರು ಯಾರಾದ್ರೂ ಹತ್ತಿರ ಹೋದ್ರಾ ಅಂತ. ಹೌದು ಅಂದುಬಿಡು. ಅಷ್ಟೇ. ಅವರು ಒಂದು ತುತ್ತು ತಿಂತಾರೆ. ಇಲ್ಲ ಅಂದ್ರೆ ತನ್ನದು ನೀರು ಅಂದ್ಕೊಂಡೇ ಸಾಯ್ತಾರೆ. ಇಡೀ ಜೀವಮಾನ ನೀರು ಅಂದ್ಕೊಂಡು. ನಿನಗೇನು ಹೋಗತ್ತೆ?"

"ನನ್ನ ಮುಟ್ಟು ನಿಂತು ಎರಡು ವರ್ಷ ಆಯ್ತು."

ಹೇಳಿದ ಮೇಲೆ ಅವಳು ಅವನ ಮುಖವನ್ನೇ ನೋಡಿದಳು. ಎರಡು ವರ್ಷದಿಂದ ಒಂದೇ ಹಾಸಿಗೆ. ನಡುರಾತ್ರಿ ಮೈ ಬೆವರಿ ಕಂಬಳಿ ಒದ್ದು ಅಂಗಳಕ್ಕೆ ಓಡಿ ನಿಲ್ಲುತ್ತಿದ್ದಾಗ, ಬಾಗಿಲು ಹಾಕು, ಚಳಿ ಎಂದು ಮಗ್ಗುಲಾದವನು. ಈಗಲಾದರೂ ಅವನ ಕಣ್ಣಿನಲ್ಲಿ ಏನಾದರೂ ಅಲುಗಬೇಕಿತ್ತು. ಅಲುಗಿತು ಕೂಡ, ಅರೆಕ್ಷಣ.

"ಹೌದಾ?" ಎಂದ. ಆಮೇಲೆ ಯೋಚಿಸಿ, "ಅದು ಅಪ್ಪನಿಗೆ ಹೇಗೆ ಗೊತ್ತಾಗತ್ತೆ?" ಎಂದ.

ಅವಳಿಗೆ ನಗು ಬಂತು. ಎಂಥ ಮನುಷ್ಯನ ಜತೆ ಬಾಳಿದೆ ಎಂದು ಮೊದಲ ಸಲ ಅನ್ನಿಸಿದ ಹಾಗೆ ಅನ್ನಿಸಿತು, ಮೊದಲ ಸಲವಲ್ಲವೆಂದೂ ಗೊತ್ತಿತ್ತು. ಆ ಹೊತ್ತಿಗೆ ಪಕ್ಕದ ಮನೆಯ ಬೇಲಿ ದಾಟಿ ನಾದಿನಿ ರೋಸೌರಾ ಬಂದಳು, ನೂಲುವ ಕದಿರು ಕಂಕುಳಲ್ಲಿ. ಅಣ್ಣತಂಗಿ ಮೊದಲೇ ಮಾತಾಡಿಕೊಂಡಿದ್ದರೆಂಬುದು ಅವಳು ಬಂದ ರೀತಿಯಲ್ಲೇ ಇತ್ತು. ಹೆಣ ನೋಡಲು ಬಂದವರ ಹಾಗೆ ಮೆಲ್ಲಗೆ ಬಂದಳು.

"ಹೇಳಿಬಿಡಿ ಅತ್ತಿಗೆ. ಮುದುಕನ ಜೀವ ಎಷ್ಟು ದಿನದ್ದು? ಹಿಂದೊಮ್ಮೆ ಆದದ್ದೇ ತಾನೇ, ಹೊಸದೇನಲ್ಲವಲ್ಲ."

"ಯಾವುದು ಹಿಂದೊಮ್ಮೆ ಆದದ್ದು ರೋಸೌರಾ?"

"ಅದೇ... ನೀವು ಬಂದ ಹೊಸದರಲ್ಲಿ. ಆ ಸೆಚೂರಾದವಳು. ಬಿಡಿ, ಆಗ ನೀವು ಚಿಕ್ಕವರು. ತಿಳೀದೆ ಹೋದಿರಿ. ನಾವು ಯಾರಾದ್ರೂ ಒಂದು ದಿನ ಎತ್ತಿ ಆಡಿದ್ವಾ?"

ಇಷ್ಟು ವರ್ಷ ಆಡದೆ ಇದ್ದದ್ದನ್ನು ರೋಸೌರಾ ಈಗ ಉಪಕಾರದ ಹಾಗೆ ಎದುರಿಗಿಟ್ಟಳು. ಎತೆಲ್ವಿನಾ ಜೋಳದ ಪಾತ್ರೆ ಇಳಿಸಿದಳು. ಬೆಂದಿದ್ದ ಕಡೆಯ ಜೋಳವನ್ನು ಆರಿಸಿ, ಕಲ್ಲಿನಲ್ಲಿ ಅರೆದು, ಹಾಲು ಹಾಕಿ ಗಂಜಿ ಮಾಡಿದಳು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಮೂರು ದಾರಿ, ಎಂದು ಅವಳ ತಲೆಯೊಳಗೆ ಯಾರೋ ಲೆಕ್ಕ ಹಾಕುತ್ತಿದ್ದರು. ಕಳ್ಳಿ ಖಾಲಿ ಎಂದರೆ ಅಪ್ಪ ಸುಳ್ಳು. ಕಳ್ಳಿ ಸರಿ, ಕೈ ಸರಿಯಿಲ್ಲ ಎಂದರೆ ಮಗ ದಡ್ಡ. ಹೆಂಗಸು ಕೆಡಿಸಿದಳೆಂದರೆ ಅಪ್ಪನೂ ಉಳಿದ, ಮಗನೂ ಉಳಿದ, ಕಳ್ಳಿಯೂ ಉಳಿಯಿತು. ಎಷ್ಟು ಅಚ್ಚುಕಟ್ಟು! ಇದಕ್ಕೆ ಪಿಯೂರಾಕ್ಕೆ ಹೋಗಿ ಓದಬೇಕಾಗಿರಲಿಲ್ಲ, ಬುರುಡೆಗಳೂ ಬೇಕಾಗಿರಲಿಲ್ಲ. ಆದರೂ ಆ ಮುದುಕ ನಿಜವಾಗಿ ಸಾಯುತ್ತಿದ್ದ. ಅವನ ಮಲ ಮೂತ್ರ ತೆಗೆಯುವವಳು ಅವಳು, ಮೈಯಲ್ಲಿ ಎಷ್ಟು ಮಾಂಸ ಉಳಿದಿದೆಯೆಂದು ಮಗನಿಗಿಂತ ಅವಳಿಗೆ ಗೊತ್ತು. ಒಂದು ಸಲ ತಲೆಯಾಡಿಸಿದರೆ ಅವನು ತಿನ್ನುತ್ತಾನೆ. ಒಂದು ಸಲ ಆಡಿಸಿದ್ದಕ್ಕೆ ಗ್ರಿಸೆಲ್ದಾ ಎದೆಯೊಳಗೆ ಬಂದು ಕೂತಳು, ಇನ್ನೊಂದು ಸಲ ಆಡಿಸಿದರೆ ಯಾರು ಬಂದು ಕೂರುತ್ತಾರೆ? ಮುದುಕನೇ? ಗಂಜಿಯ ಬೋಗುಣಿ ಹಿಡಿದು ಒಳಗೆ ಹೋಗುವಾಗ ತಾನು ಏನು ಹೇಳುತ್ತೇನೆಂದು ಅವಳಿಗೆ ಗೊತ್ತಿರಲಿಲ್ಲ. ಅಣ್ಣತಂಗಿ ಅಂಗಳದಲ್ಲೇ ನಿಂತರು, ಒಳಗೆ ಬರುವಷ್ಟು ಧೈರ್ಯ ಇಬ್ಬರಿಗೂ ಇರಲಿಲ್ಲ.

ಕೋಣೆಯಲ್ಲಿ ಹಳೆಯ ಹೊಗೆಸೊಪ್ಪಿನ, ಉಚ್ಚೆಯ, ಅತ್ತರಿನ ವಾಸನೆ. ಮುದುಕ ಅಂಗಾತ ಮಲಗಿದ್ದ. ಬಲಗಣ್ಣು ಅವಳ ಮೇಲೆ ತಿರುಗಿತು.

"ಯಾರು ಹೋಗಿದ್ರು ಹತ್ತಿರ?" ಎಂದ. ನಾಲಗೆ ಎಳೆಯುತ್ತಿತ್ತು.

ಅವಳು ಮಂಚದ ಅಂಚಿನಲ್ಲಿ ಕೂತಳು. ಬೋಗುಣಿ ತೊಡೆಯ ಮೇಲೆ ಬಿಸಿಯಾಗಿತ್ತು.

"ನಾನು ಹೋಗಿರಲಿಲ್ಲ ಮಾವ." ಬಾಯಿಂದ ಬಂದದ್ದು ಅದು. ಬಂದ ಮೇಲೆ ನಿಲ್ಲಿಸಲು ಆಗಲಿಲ್ಲ. "ಈ ಸಲ ಹೋಗಿಲ್ಲ. ಆ ಸಲಾನೂ ಹೋಗಿರಲಿಲ್ಲ. ಸೆಚೂರಾದವಳು ಬಂದಿದ್ದಾಗ. ನೀವು ಕೇಳಿದ್ರಿ, ಹೆದರಿಕೊಂಡು ಹೌದು ಅಂದೆ. ನಾನು ಪಾತ್ರೆ ಹತ್ತಿರಾನೂ ಸುಳಿದಿರಲಿಲ್ಲ, ಹೊರಗೂ ಆಗಿರಲಿಲ್ಲ. ದೇವರಾಣೆ."

ಎಷ್ಟೋ ವರ್ಷದಿಂದ ಈ ಮಾತು ಕೇಳಿದಾಗ ಮುದುಕ ಬೆಚ್ಚಿಬೀಳುವುದನ್ನು ಅವಳು ಊಹಿಸಿಕೊಂಡಿದ್ದಳು, ಬೈಯುವುದನ್ನು ಊಹಿಸಿಕೊಂಡಿದ್ದಳು, ಅಳುವುದನ್ನೂ. ಮುದುಕ ಸೂರಿನ ತೊಲೆ ನೋಡುತ್ತ ಮಲಗಿದ್ದ.

"ಗೊತ್ತು," ಎಂದ.

"ಏನು ಗೊತ್ತು?"

"ನೀನು ಹೋಗಿರಲಿಲ್ಲ ಅಂತ." ಉಸಿರು ಎಳೆದುಕೊಂಡ. "ಆ ಸಲ ನಾನು ಬೆಟ್ಟ ಹತ್ತಿರಲಿಲ್ಲ. ಕಾಲು ಉಳುಕಿತ್ತು. ಬಾಗಿಲದ್ದನ್ನೇ ಕಡಿದೆ. ಕಾವಲಿಗೆ ನಿಂತದ್ದು ಮದ್ದಿಗೆ ಬರೋಲ್ಲ, ಅದು ನನಗೆ ಗೊತ್ತು; ಇಷ್ಟು ವರ್ಷಕ್ಕೆ ಸತ್ವ ಬಂದೀತು ಅಂತ ಈಗ ಆಸೆಪಟ್ಟೆ, ಅಷ್ಟೇ. ಕುದಿಯೋವಾಗಲೇ ಗೊತ್ತಾಯ್ತು, ವಾಸನೇನೇ ಇಲ್ಲ. ಅಷ್ಟೊಂದು ಜನ ಬಂದು ಕೂತಿದ್ರು. ಏನು ಮಾಡಲಿ?"

"ಮತ್ತೆ ನನ್ನನ್ನ ಯಾಕೆ ಕೇಳಿದ್ರಿ?"

"ಯಾರಾದ್ರೂ ಒಬ್ಬರು ಬೇಕಿತ್ತು ಮಗಳೇ. ನೀನು ಹೊಸಬಳು. ಹೊಸಬರ ತಪ್ಪು ಜನ ಬೇಗ ಮರೀತಾರೆ."

ಮರೆತರೇ? ಇದೀಗ ಅಂಗಳದಲ್ಲಿ ರೋಸೌರಾ ಮರೆತಿದ್ದಳೇ? ಎತೆಲ್ವಿನಾ ಕಣ್ಣೀರು ಬರುತ್ತದೆಂದುಕೊಂಡಳು, ಬರಲಿಲ್ಲ. ಕಣ್ಣ ಮುಂದೆ ಬಂದದ್ದು ಇಗರ್ಜಿಯ ಮೂಲೆಯಲ್ಲಿ ಸಾಲಾಗಿ ಉರಿದು ಕರಗಿದ ಅಷ್ಟೂ ನವೆಂಬರಿನ ಮೇಣದ ಬತ್ತಿಗಳು. ಯಾರ ಪಾಪಕ್ಕೆ ಯಾರು ಹಚ್ಚಿದ್ದು? ಆ ಹೆಂಗಸು ಎರಡು ದಿನ ಬಸ್ಸಿನಲ್ಲಿ ಕೂತು ಬಂದಳು. ಇವನಿಗೆ ಕಾಲು ಉಳುಕಿದೆ ಎಂದು ಹೇಳಿ ನಾಳೆ ಬನ್ನಿ ಎನ್ನಲು ಆಗಲಿಲ್ಲ. ಇವನು ಆಮೇಲೆ ಉಂಡ, ನಿದ್ದೆ ಮಾಡಿದ, ಅವಳ ಕೈಯಿಂದ ಬಡಿಸಿಕೊಂಡ, ಅವಳ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸಿದ. ಅವಳು ಮಧ್ಯರಾತ್ರಿ ಎದ್ದು ಕೂತು ತನ್ನ ಲಂಗದ ಅಂಚು ನೆನೆಯುವಾಗ ಗೋಡೆಯಾಚೆ ಇವನು ಗೊರಕೆ ಹೊಡೆಯುತ್ತಿದ್ದ. ಸಿಟ್ಟು ಅವಳ ಕಾಲಿನಿಂದ ಏರಿತು. ಇಷ್ಟು ದಿನ ತನ್ನ ಕಡೆಗೇ ತಿರುಗಿ ಉರಿಯುತ್ತಿದ್ದ ಸಿಟ್ಟು ಈಗ ಸರಿಯಾದ ಕಡೆ ತಿರುಗಿದ್ದರಿಂದ ಒಂದು ರೀತಿಯ ಹಗುರವೂ ಇತ್ತು.

"ಅಬೆಲಾರ್ದೊ! ಬಾ ಇಲ್ಲಿ! ರೋಸೌರಾ, ನೀನೂ ಬಾ!" ಗಂಡನನ್ನು ಅವಳು ಹಾಗೆ ಏಕವಚನದಲ್ಲಿ ಕೂಗಿದ್ದು ಇದೇ ಮೊದಲು. ಇಬ್ಬರೂ ಓಡಿ ಬಂದರು, ಮುದುಕ ಸತ್ತನೆಂದೇ ಬಂದರು. ಬಾಗಿಲಲ್ಲಿ ಒಬ್ಬರ ಹಿಂದೊಬ್ಬರು ನಿಂತರು.

"ಮಾವ, ಈಗ ನನಗೆ ಹೇಳಿದ್ದನ್ನ ಇವರಿಗೂ ಹೇಳಿ."

ಮುದುಕನ ಕಣ್ಣು ಮಗನ ಕಡೆ ಹೋಯಿತು. ಮಗನ ಬಿಳಿ ಕೋಟನ್ನು, ತೋಳಿನ ಕಲೆಯನ್ನು ನೋಡಿತು. ಮಗಳ ಕಡೆ ಹೋಯಿತು. ಕಿಟಕಿಯಾಚೆ ಯಾರೋ ಕತ್ತೆ ಹೊಡೆದುಕೊಂಡು ಮೇಲಿನ ಕೇರಿಗೆ ಹೋಗುತ್ತಿದ್ದರು. ಆ ಸದ್ದು ಹೋಗುವವರೆಗೆ ಅವನು ಕಾದ.

"ಒಪ್ಪಿಕೊಂಡಳು ಕಣೋ," ಎಂದ. "ಹೋಗಿದ್ದಳಂತೆ. ಪಾಪ, ಬೈಯಬೇಡಿ ಅವಳಿಗೆ. ಬಿಟ್ಟುಬಿಡಿ."

ರೋಸೌರಾ ಶಿಲುಬೆ ಗುರುತು ಹಾಕಿಕೊಂಡಳು. ಅಬೆಲಾರ್ದೊನ ಭುಜ ಇಳಿಯಿತು. ಅಷ್ಟು ದಿನದಿಂದ ಬಿಗಿ ಹಿಡಿದಿದ್ದ ಅವನ ಮುಖ ಸಡಿಲವಾದದ್ದನ್ನು, ಕಣ್ಣಿನಲ್ಲಿ ಕೃತಜ್ಞತೆಯ ನೀರು ತುಂಬಿದ್ದನ್ನು ಅವಳು ನೋಡಿದಳು.

"ಸುಳ್ಳು," ಎಂದಳು. "ನಿಮ್ಮಪ್ಪ ಸುಳ್ಳು ಹೇಳ್ತಿದ್ದಾರೆ. ಕಳ್ಳಿ ತಪ್ಪು. ಆಗಲೂ ಬಾಗಿಲಿನದ್ದನ್ನೇ ಕಡಿದಿದ್ರಂತೆ, ಕೆಟ್ಟದ್ದು ಅದಕ್ಕೇ ಅಂತ ಈಗ ತಾನೇ ನನ್ನ ಹತ್ತಿರ ಹೇಳಿದ್ರು. ಕೇಳು ಅವರನ್ನ."

ಅಬೆಲಾರ್ದೊ ಅವಳನ್ನು ನೋಡಿದ. ಅವನು ನಂಬಿದ. ಅದು ಅವನ ಮುಖದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಮೇಷ್ಟ್ರ ತಲೆ, ನಾಲ್ಕು ಸಲದ ಗೋಂದನ್ನೂ ಬಾಗಿಲ ಕಳ್ಳಿಯ ಗಾಯಗಳನ್ನೂ ಒಂದಕ್ಕೊಂದು ಜೋಡಿಸಿ ಮುಗಿಸಿತ್ತು.

"ಆಯ್ತು ಬಿಡು," ಎಂದ ಮೆಲ್ಲಗೆ. "ಈಗ ಅದೆಲ್ಲ ಯಾಕೆ? ಅಪ್ಪ ಊಟ ಮಾಡ್ತಾರಲ್ಲ. ಅಷ್ಟು ಸಾಕು. ತಿನ್ನಿಸು."

"ಹಸಿವಾಗ್ತಿದೆ," ಎಂದ ಮುದುಕ. ದನಿಯಲ್ಲಿ ಜೀವ ಬಂದಿತ್ತು. ರೋಸೌರಾ ಓಡಿಬಂದು ತಲೆಗೆ ದಿಂಬು ಎತ್ತರ ಮಾಡಿ ಗದ್ದದ ಕೆಳಗೆ ಬಟ್ಟೆ ಸಿಕ್ಕಿಸಿದಳು. ದೊನ್ ಹಸಿಂತೊ ಬಾಯಿ ತೆರೆದ, ಸರಿಯಿದ್ದ ಪಕ್ಕದಿಂದ, ದಿನವೂ ತೆರೆಯುವ ಹಾಗೆ.

ಎತೆಲ್ವಿನಾ ಬೋಗುಣಿಯಲ್ಲಿ ಚಮಚ ಅದ್ದಿ ಎತ್ತಿದಳು. ಬಿಸಿಯಿತ್ತೆಂದು ಊದಿದಳು. ಊದಿ, ತನ್ನ ಬಾಯಿಗೆ ಇಟ್ಟುಕೊಂಡಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಮುದುಕ ಬಾಯಿ ತೆರೆದೇ ಇದ್ದ. ಅವನ ಕಣ್ಣಿನಲ್ಲಿ ಕಣ್ಣಿಟ್ಟು ಎರಡನೆಯ ಚಮಚವನ್ನೂ ಅವಳೇ ತಿಂದಳು.